ಮೇಳವನ್ನು ತಂಡಗಳಾಗಿ ಒಡೆಯಬೇಡಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಯಾವ ಜಾತ್ರೆಗೆ ಹೋದರೂ ಕತ್ತಲಾಗುತ್ತಿದ್ದಂತೆ ಎರಡು ಕಡೆಯಿಂದ ಹಾಡು ಏಳುತ್ತದೆ. ಬಯಲಿನಲ್ಲಿ ಕಟ್ಟಿದ ವೇದಿಕೆಯ ಮೇಲೆ ಆರ್ಕೆಸ್ಟ್ರಾ ನಡೆದಿರುತ್ತದೆ: ಕೀಬೋರ್ಡು, ರಿದಮ್ ಪ್ಯಾಡು, ಆಳೆತ್ತರದ ಸೌಂಡ್ ಬಾಕ್ಸು, ಸಿನಿಮಾ ಹಾಡಿಗೆ ಕುಣಿಯುವ ಹುಡುಗರು, ನಡುನಡುವೆ ದೇಣಿಗೆ ಕೊಟ್ಟ ಗಣ್ಯರಿಗೆ ಶಾಲು, ಹಾರ. ಅದೇ ಹೊತ್ತಿಗೆ ಗುಡಿಯ ಹಿಂದಿನ ಕಟ್ಟೆಯ ಮೇಲೋ ಮಠದ ಪಡಸಾಲೆಯಲ್ಲೋ ಭಜನಿ ಮೇಳ ಕೂತಿರುತ್ತದೆ. ಒಂದು ಪೇಟಿ, ಒಂದು ಜೋಡಿ ತಬಲಾ, ಏಕತಾರಿ, ದಮ್ಮಡಿ, ಕೂತವರ ಕೈಗೆಲ್ಲ ತಾಳ. ಹಾಡುವವರು ಯಾರು, ಕೇಳಲು ಬಂದವರು ಯಾರು ಎಂದು ಅಲ್ಲಿ ಹೇಳಲಾಗುವುದಿಲ್ಲ. ಆರ್ಕೆಸ್ಟ್ರಾಕ್ಕೆ ಜಾತ್ರಾ ಕಮಿಟಿ ಮುಂಗಡ ಕೊಟ್ಟು ತಿಂಗಳ ಮೊದಲೇ ತಾರೀಖು ಗೊತ್ತುಮಾಡಿರುತ್ತದೆ. ಮೇಳಕ್ಕೆ ಸಿಗುವುದು ಚಹಾ, ಚುರುಮುರಿ, ಬೆಳಗಿನ ಪ್ರಸಾದ.

ಮನೆಮಂದಿಯೆಲ್ಲ ಬಂದು ಕೂತು ಕೇಳುವಂಥ, ಬೇರೆಬೇರೆ ಸಮುದಾಯಗಳ ಹಾಡು, ಕುಣಿತ, ಕವಿತೆಗಳನ್ನು ಒಂದೇ ವೇದಿಕೆಗೆ ತರುವ ಕಚೇರಿಗಳ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ನಮ್ಮ ಜಿಲ್ಲೆಯಲ್ಲೂ ಅಂಥದೊಂದು ಆಗಲಿ ಎನ್ನುವವರಿದ್ದಾರೆ. ಆಗಲೇಬೇಕು ಎಂಬುದು ನನ್ನ ಮಾತೂ ಹೌದು. ಆದರೆ ಅದಕ್ಕೆ ಮಾದರಿಯನ್ನು ಹೊರಗೆ ಹುಡುಕಬೇಕಾಗಿಲ್ಲ. ಸಗರನಾಡು ಎನ್ನುವ ನಮ್ಮ ಈ ಸೀಮೆಯ ಮೇಳವೇ ಆ ಮಾದರಿ. ಹುಟ್ಟಿನಿಂದ ಬೇರೆಬೇರೆ ಮನೆಯವರಾದವರು ಒಂದು ಪದದ ಸುತ್ತ ಕೂತು ಒಂದು ಮನೆಯವರಾಗುವ ಕ್ರಮ ಅದು. ನಮ್ಮ ಉತ್ಸವಗಳು ಮಾಡುತ್ತಿರುವುದು ಇದರ ವಿರುದ್ಧ ಕೆಲಸ. ಮೇಳವನ್ನು ಒಡೆದು ಜಾತಿಗೊಂದು ತಂಡ, ತಂಡಕ್ಕೊಂದು ಸರದಿ, ಸರದಿಗೆ ಕೆಲವೇ ನಿಮಿಷ ಎಂದು ಹಂಚಿಹಾಕಿ, ಆ ಹಂಚಿಕೆಗೆ ವೈವಿಧ್ಯ ಎಂಬ ಹೆಸರು ಕೊಟ್ಟಿವೆ.

ಸರ್ಕಾರಿ ಉತ್ಸವವೊಂದರ ದಿನಚರಿಯನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಮೆರವಣಿಗೆ. ಡೊಳ್ಳಿನವರು, ಹಲಗಿಯವರು, ಲಂಬಾಣಿ ಹೆಣ್ಣುಮಕ್ಕಳು, ಗೊರವರು ಗಣ್ಯರ ವಾಹನದ ಮುಂದೆ ಬಿಸಿಲಿನಲ್ಲಿ ಕುಣಿಯುತ್ತ ಸಾಗುತ್ತಾರೆ. ವೇದಿಕೆ ಮುಟ್ಟುವ ಹೊತ್ತಿಗೆ ಅವರ ಕೆಲಸ ಮುಗಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಕವಿಗೋಷ್ಠಿ, ಎದುರಿಗೆ ಖಾಲಿ ಕುರ್ಚಿಗಳು. ರಾತ್ರಿ ಜನ ತುಂಬಿದಾಗ ವೇದಿಕೆ ಹೊರಗಿನಿಂದ ಬಂದ ಹೆಸರಾಂತ ಗಾಯಕರದು. ಹಾಡು ಒಂದು ಕಡೆ, ಕುಣಿತ ಒಂದು ಕಡೆ, ಕವಿತೆ ಮತ್ತೊಂದು ಕಡೆ. ಸಂಜೆಯವರೆಗೆ ಊರಲ್ಲೇ ಇದ್ದರೂ ಡೊಳ್ಳಿನವರು ಕವಿಯನ್ನು ಕೇಳುವುದಿಲ್ಲ, ಕವಿ ಲಂಬಾಣಿ ಹಾಡನ್ನು ಕೇಳುವುದಿಲ್ಲ. ಎಲ್ಲರೂ ಬಂದರು ಎಂದು ವರದಿಯಲ್ಲಿ ಬರೆಯಬಹುದು. ಒಬ್ಬರಿಗೊಬ್ಬರು ಸಿಕ್ಕರು ಎಂದು ಬರೆಯಲಾಗದು.

ಈ ಸೀಮೆಯ ಕಾವ್ಯದ ಮೂಲವೇ ಒಂದು ಮನೆ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ಅಲ್ಲಿನ ರಾಮನಾಥ ಅವನ ವಚನಗಳ ಅಂಕಿತ. ಬಸವಣ್ಣನವರಿಗಿಂತ ಹಿಂದಿನವನೆಂದು, ಆದ್ಯ ವಚನಕಾರನೆಂದು ಅವನನ್ನು ಗೌರವಿಸುವವರು ಬಹಳ. ಅವನು ನೇಕಾರ. ಹೆಂಡತಿ ದುಗ್ಗಳೆಯೂ ವಚನಕಾರ್ತಿ. ಮಗ್ಗದ ಮನೆಯೊಂದರಿಂದ ಗಂಡ ಹೆಂಡತಿ ಇಬ್ಬರ ದನಿಯೂ ಸಾಹಿತ್ಯಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಗಂಡು ಹೆಣ್ಣು ಎಂಬುದು ಮೈಯ ಗುರುತಷ್ಟೇ, ಒಳಗಿರುವುದಕ್ಕೆ ಆ ಭೇದವಿಲ್ಲ ಎಂಬ ಅರ್ಥದ ಮಾತನ್ನು ಅಷ್ಟು ಹಿಂದೆಯೇ ಆಡಿದವನು ದಾಸಿಮಯ್ಯ. ಆದರೂ ದುಗ್ಗಳೆಯ ಅಂಕಿತದಲ್ಲಿ ಗಂಡನ ಹೆಸರು ಸೇರಿಕೊಂಡಿದೆ, ದಾಸಿಮಯ್ಯನ ಅಂಕಿತದಲ್ಲಿ ಹೆಂಡತಿಯ ಹೆಸರಿಲ್ಲ. ಮನೆಯೊಳಗಿನ ಹಾಡು ಎಂದರೆ ಎಲ್ಲರಿಗೂ ಸಮಪಾಲು ಎಂದು ತಿಳಿಯಬಾರದು ಎಂಬುದಕ್ಕೆ ಈ ಊರಿನದೇ ಹಳೆಯ ಸಾಕ್ಷಿ ಇದು.

ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದವರಿಗೆ ಇನ್ನೊಂದು ಸಂಗತಿ ಗೊತ್ತು. ಹಿಂದೂಗಳೂ ಮುಸಲ್ಮಾನರೂ ಅವನನ್ನು ತಮ್ಮವನೆನ್ನುತ್ತಾರೆ. ಅಲ್ಲಿ ಕೂಗುವ ಜಯಘೋಷದಲ್ಲೇ ಪೀರರ ನೆನಕೆ ಇದೆ. ಕಾಲಜ್ಞಾನದ ಕೊಡೇಕಲ್ ಬಸವಣ್ಣನ ಪರಂಪರೆಯಲ್ಲೂ ಎರಡು ಧರ್ಮಗಳ ಆಚಾರ ಬೆರೆತಿದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾ ಇದೆ, ಯೂಸುಫ್ ಆದಿಲ್ ಶಾಹಿಯಿಂದ ತೊಡಗಿ ವಿಜಯಪುರದ ಮೊದಮೊದಲ ಸುಲ್ತಾನರ ಗೋರಿಗಳಿವೆ. ಅಲ್ಲಿ ಮಲಗಿರುವ ಮೊದಲ ಇಬ್ರಾಹಿಮನ ಮೊಮ್ಮಗನೇ ಎರಡನೆಯ ಇಬ್ರಾಹಿಂ ಆದಿಲ್ ಶಾಹಿ. 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕವನ್ನು ದಖನಿಯಲ್ಲಿ ಕಟ್ಟಿದ ಅರಸ ಅವನು. ಹಾಡುಹಾಡಿಗೂ ರಾಗ ಹೆಸರಿಸಿದ, ಸರಸ್ವತಿಯನ್ನೂ ಕಲಬುರಗಿಯ ಬಂದೇ ನವಾಜರನ್ನೂ ಒಂದೇ ಭಕ್ತಿಯಲ್ಲಿ ನೆನೆದ ಪುಸ್ತಕ ಅದು. ಸುರಪುರದಲ್ಲಿ 19ನೇ ಶತಮಾನದ ಆನಂದದಾಸರು ಕಮಲೇಶವಿಠಲ ಎಂಬ ಅಂಕಿತದಲ್ಲಿ ಹಾಡು ಕಟ್ಟಿದರು. ವಚನ, ದಾಸರ ಪದ, ದಖನಿಯ ಗೀತೆ, ಕಾಲಜ್ಞಾನ ಎಲ್ಲಕ್ಕೂ ಈ ಸೀಮೆಯ ನಂಟು ಇದೆ. ಇಂಥ ನೆಲದಲ್ಲಿ ವೈವಿಧ್ಯವನ್ನು ಹೊಸದಾಗಿ ತಂದು ನೆಡಬೇಕಾದ ಪ್ರಸಂಗವೇ ಇಲ್ಲ.

ಇವೆಲ್ಲ ಒಂದು ನೆಲದಲ್ಲಿದ್ದ ಮಾತ್ರಕ್ಕೆ ಒಂದಾಗುವುದಿಲ್ಲ, ಕೂಡಿಸುವ ಕ್ರಮವೊಂದು ಬೇಕು. ಆ ಕ್ರಮವನ್ನು ಕಟ್ಟಿದವರು ತತ್ವಪದಕಾರರು. ಶಹಾಪುರ, ಸುರಪುರಗಳ ಮಗ್ಗುಲಲ್ಲೇ, ಕಲಬುರಗಿ ಜಿಲ್ಲೆಯ ಕಡಕೋಳದಲ್ಲಿದ್ದ ಮಡಿವಾಳಪ್ಪ ಈ ದಾರಿಯ ಹಿರಿಯ. ಅವನ ಶಿಷ್ಯರ ಹೆಸರುಗಳನ್ನು ನೋಡಿ: ಚನ್ನೂರಿನ ಜಲಾಲ ಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ, ಕಡ್ಲೇವಾಡದ ಸಿದ್ಧಪ್ಪ. ಒಬ್ಬ ಮುಸಲ್ಮಾನ, ಒಬ್ಬ ಬ್ರಾಹ್ಮಣ, ಉಳಿದವರು ಬೇರೆಬೇರೆ ಮನೆತನದವರು. ಒಂದೇ ಗುರುವಿನ ಮಕ್ಕಳಾದ ಮೇಲೆ ಅವರು ಪರಸ್ಪರ ಗುರುಬಂಧುಗಳು. ಒಬ್ಬರ ಪದವನ್ನು ಇನ್ನೊಬ್ಬರು ಹಾಡಿದರು. ಇವತ್ತಿಗೂ ನಮ್ಮ ಭಜನಿ ಮೇಳಗಳಲ್ಲಿ ಮಡಿವಾಳಪ್ಪನ ಪದದ ಬೆನ್ನಿಗೇ ಜಲಾಲ ಸಾಹೇಬನ ಪದ ಬರುತ್ತದೆ. ಇದು ಸೌಹಾರ್ದಕ್ಕಾಗಿ ಯಾರೋ ಆರಿಸಿ ಇಟ್ಟ ಕಾರ್ಯಕ್ರಮವಲ್ಲ. ಪದಕ್ಕೆ ಪದ ನೆನಪಾಗುತ್ತದೆ, ಅಷ್ಟೆ. ಜಲಾಲ ಸಾಹೇಬ ಯಾವ ಸಮುದಾಯದ ಪ್ರತಿನಿಧಿಯಾಗಿಯೂ ಅಲ್ಲಿ ಬರುವುದಿಲ್ಲ, ಪದ ಕಟ್ಟಿದವನಾಗಿ ಬರುತ್ತಾನೆ.

ಮೇಳ ಕೆಲಸ ಮಾಡುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಒಬ್ಬ ಸೊಲ್ಲು ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ಹಿಡಿದವರಲ್ಲಿ ಯಾರಿಗಾದರೂ ಮುಂದಿನ ನುಡಿ ಚೆನ್ನಾಗಿ ಬರುತ್ತಿದ್ದರೆ ಎತ್ತಿದವನು ಸುಮ್ಮನಾಗಿ ತಾಳಕ್ಕೆ ಇಳಿಯುತ್ತಾನೆ. ನುಡಿಯ ಅರ್ಥ ಯಾರಾದರೂ ಕೇಳಿದರೆ ಹಾಡು ನಿಲ್ಲುತ್ತದೆ, ಹಿರಿಯನೊಬ್ಬ ಬಿಡಿಸಿ ಹೇಳುತ್ತಾನೆ, ಇನ್ನೊಬ್ಬ ಹಾಗಲ್ಲ ಎಂದು ವಾದಿಸುತ್ತಾನೆ, ಮತ್ತೆ ಹಾಡು. ಕವಿಗೋಷ್ಠಿ, ಸಂಗೀತ ಕಚೇರಿ, ವಿಚಾರ ಸಂಕಿರಣ ಎಂದು ನಾವು ಮೂರು ಹೊತ್ತಿಗೆ ಹಂಚಿರುವುದು ಅಲ್ಲಿ ಒಂದೇ ಕೂಟದಲ್ಲಿ ನಡೆಯುತ್ತದೆ. ಅಪ್ಪನ ಪಕ್ಕ ಕೂತ ಹುಡುಗ ಮೊದಲು ತಾಳ ಹಿಡಿಯುತ್ತಾನೆ, ಆಮೇಲೆ ದಮ್ಮಡಿ, ಗಂಟಲು ಕುದುರಿದ ಮೇಲೆ ಸೊಲ್ಲು. ಅವನಿಗೆ ಯಾರೂ ಪಾಠ ಹೇಳಿಕೊಟ್ಟಂತೆ ಕಾಣುವುದಿಲ್ಲ, ಕಲಿತಿರುತ್ತಾನೆ.

ಇಲ್ಲಿ ಜಗಳಕ್ಕೂ ಜಾಗವಿದೆ ಎಂಬುದನ್ನು ಒತ್ತಿ ಹೇಳಬೇಕು. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಗೀಗಿ ಪದದವರಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಒಂದು ಗಂಡಿನ ಹೆಚ್ಚಳ ಹಾಡುತ್ತದೆ, ಇನ್ನೊಂದು ಹೆಣ್ಣಿನ ಹೆಚ್ಚಳ. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು. ಪುರಾಣದಿಂದ ಆಧಾರ ತೆಗೆದು, ಆ ಕ್ಷಣದಲ್ಲೇ ನುಡಿ ಕಟ್ಟಿ, ಎದುರಿನವರ ಬಾಯಿ ಮುಚ್ಚಿಸಬೇಕು. ಸಾವಿರಾರು ಗಂಡಸರ ನಡುವೆ ಹೆಣ್ಣುಮಗಳೊಬ್ಬಳು ದಪ್ಪು ಹಿಡಿದು ಗಂಡಸಿನ ಹಮ್ಮನ್ನು ಹಾಡಿನಲ್ಲೇ ಹರಿದುಹಾಕುವುದನ್ನು ಕಂಡವರಿಗೆ, ಬಹುದನಿಯ ಸಂಗೀತ ಎಂದರೆ ಎಲ್ಲರೂ ಕೂಡಿ ನಾವೆಲ್ಲ ಒಂದೇ ಎಂದು ಹಾಡುವುದು ಎಂಬ ವಿವರಣೆ ತೀರ ಸಪ್ಪೆಯೆನಿಸುತ್ತದೆ. ಭಿನ್ನವಾದ ದನಿ ಎಂದರೆ ಭಿನ್ನವಾದ ಅಭಿಪ್ರಾಯ. ಅಭಿಪ್ರಾಯವನ್ನು ತೆಗೆದು ವೇಷಭೂಷಣವನ್ನು ಮಾತ್ರ ವೇದಿಕೆಗೆ ಕರೆದರೆ ದನಿ ಬಂದಂತಾಗಲಿಲ್ಲ.

ಇನ್ನು ಮೊಹರಂ. ರಹಮತ್ ತರೀಕೆರೆಯವರು 'ಕರ್ನಾಟಕದ ಮೊಹರಂ' ಪುಸ್ತಕದಲ್ಲಿ ತೋರಿಸಿರುವಂತೆ ಕರ್ಬಲಾದ ದುಃಖ ಕನ್ನಡ ನಾಡಿನ ಹಳ್ಳಿಗಳಲ್ಲಿ ಕನ್ನಡದ್ದೇ ಹಾಡಾಗಿದೆ. ಮುಸಲ್ಮಾನರ ಮನೆಯೇ ಇಲ್ಲದ ಊರಲ್ಲೂ ಅಲಾಯಿ ದೇವರು ಕೂರುತ್ತವೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಬೀಳುತ್ತದೆ, ರಿವಾಯತ್ ಪದಗಳು ಕೇಳುತ್ತವೆ. ರಿವಾಯತ್ ಕಟ್ಟಿದವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಹಾಡು, ಕುಣಿತ, ಕಾವ್ಯ ಮೂರೂ ಅಲ್ಲಿ ಬೇರೆಯಾಗಿ ನಿಲ್ಲುವುದೇ ಇಲ್ಲ: ಪದ ಹೇಳುವವನೇ ಹೆಜ್ಜೆ ಹಾಕುತ್ತಾನೆ, ಹೆಜ್ಜೆಯ ಲಯವೇ ಪದದ ಛಂದಸ್ಸು. ಕುಟುಂಬದ ಲೆಕ್ಕದಲ್ಲೂ ಇದು ಮನೆಮನೆಯ ಹಬ್ಬ. ಹರಕೆ ಹೊತ್ತ ತಾಯಿ, ಹುಲಿವೇಷ ಹಾಕಿದ ಮಗ, ಸಕ್ಕರೆ ಓದಿಸುವ ಅಜ್ಜಿ ಎಲ್ಲರಿಗೂ ಅದರಲ್ಲಿ ಒಂದೊಂದು ಪಾತ್ರ.

ಹೀಗೆಲ್ಲ ಬರೆದು ಇಲ್ಲಿಗೇ ನಿಲ್ಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಮೊಹರಂನಲ್ಲಿ, ಜಾತ್ರೆಯಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ಹಲಗಿ ಬಾರಿಸುವವರು ಯಾರು? ಅವರು ಬಾರಿಸುವುದು ಕಲೆಯೆಂದೋ, ಊರು ಹೊರಿಸಿದ ಚಾಕರಿಯೆಂದೋ? ಹಲಗಿ ಮಾದಿಗರ ಮನೆಯ ವಿದ್ಯೆ ಎಂದು ನಾವು ಹೊಗಳುತ್ತೇವೆ. ಆ ವಿದ್ಯೆ ಮನೆತನದಲ್ಲಿ ಉಳಿದದ್ದು ಪ್ರೀತಿಯೊಂದರಿಂದಲೇ ಅಲ್ಲ. ಬಾರಿಸುವುದಿಲ್ಲ ಎನ್ನುವ ಹಕ್ಕು ಅವರಿಗಿರಲಿಲ್ಲ. ಸನಾದಿ ಊದುವ ಕೊರವರು ಮಂಟಪದ ಹೊರಗೆ ಕೂತು ಊದಿದರು, ಗುಡಿಯ ಒಳಗೆ ಹೋಗಲಿಲ್ಲ. ಚೌಡಿಕೆ ಹಿಡಿದ ಜೋಗತಿಯರ ಹಾಡಿನ ಹಿಂದೆ ಎಲ್ಲಮ್ಮನಿಗೆ ಬಿಟ್ಟ ಮಗಳ ಬದುಕಿದೆ. ಆ ಪದ್ಧತಿಯನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ವಂಶಪಾರಂಪರ್ಯದ ಕಲೆ, ಕುಟುಂಬದ ವಾದ್ಯ ಎಂದು ಹಾಡಿಹೊಗಳುವಾಗ ನಾವು ಅರಿಯದೆಯೇ ಜಾತಿಗೆ ಕಟ್ಟಿಹಾಕಿದ ಕಸುಬನ್ನು ಹೊಗಳುತ್ತಿರಬಹುದು.

ಅದಕ್ಕೇ ರಾಜ್ಯದ ಹಲವು ಊರುಗಳಲ್ಲಿ ದಲಿತ ಹುಡುಗರು ಹಲಗಿ ಕೆಳಗಿಟ್ಟಿದ್ದಾರೆ. ಇನ್ನು ನಾವು ಬಾರಿಸುವುದಿಲ್ಲ ಎಂದಾಗ ಊರು ಸಿಟ್ಟಾದ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಕಲೆ ನಾಶವಾಯಿತು ಎಂದು ಅವರ ಮೇಲೆ ದೂರು ಹೇಳುವುದು ಅನ್ಯಾಯ. ಕೆಳಗಿಡುವ ಹಕ್ಕು ಇದ್ದವನಿಗೆ ಮಾತ್ರ ಎತ್ತಿಕೊಳ್ಳುವ ಸಂತೋಷ. ಅದೇ ಹಲಗಿಯನ್ನು 1970ರ ದಶಕದ ದಲಿತ ಚಳವಳಿ ತನ್ನ ಇಚ್ಛೆಯಿಂದ ಎತ್ತಿಕೊಂಡಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದ ಮೇಲೆ ಅವರ ಹಾಡುಗಳು ಊರೂರ ಮೆರವಣಿಗೆಗಳಲ್ಲಿ ಹಲಗಿ, ತಮಟೆಯ ಸದ್ದಿನೊಂದಿಗೆ ನಡೆದವು. ಬಾರಿಸುವ ಕೈ ಮೊದಲಿನದೇ, ವಾದ್ಯವೂ ಮೊದಲಿನದೇ. ಬಾರಿಸಿದ್ದು ಯಾರ ಅಪ್ಪಣೆಯಿಂದ ಎಂಬುದು ಬದಲಾಯಿತು, ಅದರೊಂದಿಗೆ ಸದ್ದಿನ ಅರ್ಥವೂ ಬದಲಾಯಿತು.

ಹಾಗಾದರೆ ಕುಟುಂಬ ಎಂಬುದನ್ನೇ ಕೈಬಿಡೋಣವೇ? ಬಿಟ್ಟರೆ ವಿದ್ಯೆಯೂ ಹೋಗುತ್ತದೆ. ಬಳ್ಳಾರಿ ಸೀಮೆಯ ದರೋಜಿ ಈರಮ್ಮ ಬುಡ್ಗ ಜಂಗಮರ ಮಗಳು. ಓದು ಬರಹ ಬಾರದ ಆಕೆ ಬುರ್ರಕಥೆಯ ಎಷ್ಟೋ ಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡು, ಮನೆಯ ಹೆಣ್ಣುಮಕ್ಕಳ ಜೊತೆ ರಾತ್ರಿಗಟ್ಟಲೆ ಹಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. 2014ರಲ್ಲಿ ತೀರಿಹೋದರು. ಅಂಥ ನೆನಪು ಶಾಲೆಯಲ್ಲಿ ಹುಟ್ಟುವುದಲ್ಲ, ಒಲೆಯ ಮುಂದೆ, ಗುಡಾರದಲ್ಲಿ, ದಾರಿ ನಡೆಯುತ್ತ ತಾಯಿಯಿಂದ ಮಗಳಿಗೆ ಇಳಿಯುವುದು. ಮನೆಯೇ ಅದರ ಶಾಲೆ.

ಈ ಇಕ್ಕಟ್ಟಿಗೆ ಉತ್ತರ ಗದಗಿನಲ್ಲಿ ಸಿಕ್ಕಿತ್ತು ಎಂಬುದು ನನ್ನ ನಂಬಿಕೆ. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಜಾತಿ ಕೇಳದೆ ಸೇರಿಸಿಕೊಂಡರು. ಅಲ್ಲಿ ಊಟ, ಅಲ್ಲೇ ಸಂಗೀತ. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಆ ಮನೆಯನ್ನು ನಡೆಸಿದರು. ಉತ್ತರ ಕರ್ನಾಟಕದ ಎಷ್ಟು ಊರುಗಳ ಪೇಟಿ ಮಾಸ್ತರರು, ತಬಲಾದವರು, ಕೀರ್ತನಕಾರರು ಆ ಆಶ್ರಮದ ಮಕ್ಕಳೆಂದು ಎಣಿಸಲು ಹೊರಟರೆ ಮುಗಿಯುವುದಿಲ್ಲ. ಅದು ಮನೆಯೇ, ಆದರೆ ಹುಟ್ಟಿನಿಂದ ಬರುವ ಮನೆಯಲ್ಲ. ಮಡಿವಾಳಪ್ಪನ ಶಿಷ್ಯರದೂ ಅಂಥದೇ ಮನೆ. ವಿದ್ಯೆ ಮನೆಯಲ್ಲಿ ಉಳಿಯಬೇಕು, ಮನೆಯ ಬಾಗಿಲು ಮಾತ್ರ ತೆರೆದಿರಬೇಕು. ಹಲಗಿಯನ್ನು ರೆಡ್ಡಿ ಮನೆಯ ಹುಡುಗಿ ಕಲಿಯಲಿ, ಕಲಿಸಿದ ಮಾದಿಗರ ಹಿರಿಯನಿಗೆ ಗುರುವಿನ ಸ್ಥಾನವೂ ಗುರುವಿನ ಸಂಬಳವೂ ಸಿಗಲಿ. ಅವನ ಮಗ ಬೇಕಾದರೆ ಪಿಟೀಲು ಕಲಿಯಲಿ, ಬೇಡವಾದರೆ ಯಾವ ವಾದ್ಯವನ್ನೂ ಮುಟ್ಟದೆ ಎಂಜಿನಿಯರ್ ಆಗಲಿ.

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಾದ್ಯವೃಂದ ನಿರ್ದೇಶಕ ಡೇನಿಯಲ್ ಬ್ಯಾರೆನ್‌ಬಾಯ್ಮ್ ಮತ್ತು ಪ್ಯಾಲೆಸ್ಟೀನ್ ಮೂಲದ ಚಿಂತಕ ಎಡ್ವರ್ಡ್ ಸೈದ್ 1999ರಲ್ಲಿ ಇಸ್ರೇಲಿ ಮತ್ತು ಅರಬ್ ಯುವಕರನ್ನು ಸೇರಿಸಿ ಒಂದು ಆರ್ಕೆಸ್ಟ್ರಾ ಕಟ್ಟಿದರು. ಆ ಆರ್ಕೆಸ್ಟ್ರಾ ಯುದ್ಧ ನಿಲ್ಲಿಸಿಲ್ಲ, ನಿಲ್ಲಿಸುತ್ತದೆಂದು ಹೇಳುವುದೂ ಸರಿಯಲ್ಲ. ಅದರ ಬಲ ಇರುವುದು ಬೇರೆ ಕಡೆ: ಇಸ್ರೇಲಿಗಳಿಗೆ ಒಂದು ಸರದಿ, ಅರಬರಿಗೆ ಒಂದು ಸರದಿ ಎಂದು ಅಲ್ಲಿ ಹಂಚಿಲ್ಲ. ಒಂದೇ ಕೃತಿ, ಅಕ್ಕಪಕ್ಕ ಕುರ್ಚಿ, ಒಬ್ಬರ ಉಸಿರಿಗೆ ಇನ್ನೊಬ್ಬರು ಕಾಯಲೇಬೇಕು. ಸಗರನಾಡಿನ ಮೇಳಕ್ಕೆ ಈ ನಿಯಮ ತಲೆಮಾರುಗಳಿಂದ ಗೊತ್ತು.

ಸುರಪುರದ ನೆನಪಿನಲ್ಲಿ ಇದಕ್ಕೆ ಎದುರಾದ ಇನ್ನೊಂದು ರೀತಿಯೂ ಇದೆ. 1840ರ ದಶಕದಲ್ಲಿ ಸುರಪುರಕ್ಕೆ ಬ್ರಿಟಿಷ್ ಅಧಿಕಾರಿಯಾಗಿ ಬಂದು, ಬಾಲಕ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಮುಂದೆ ತನ್ನ ದೇಶಕ್ಕೆ ಮರಳಿದ ಮೇಲೆ, 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಗಾಗಿ ಭಾರತದ ಸಂಗೀತ ವಾದ್ಯಗಳ ಪಟ್ಟಿಯೊಂದನ್ನು ಬರೆದ. ಕರ್ನಲ್ ಫ್ರೆಂಚ್ ಎಂಬವನು ಆ ಸಂಸ್ಥೆಗೆ ಕೊಟ್ಟ ವಾದ್ಯಗಳ ವಿವರಣೆ ಅದು. ಟೇಲರ್ ಈ ನಾಡನ್ನು ಪ್ರೀತಿಸಿದವನು, ಅವನ ಬರಹದಲ್ಲಿ ತಿಳಿವಳಿಕೆ ಇದೆ. ಆದರೂ ಅದು ಪಟ್ಟಿ. ಕೊಂಬು ಒಂದು, ಢೋಲು ಒಂದು, ತಂತಿವಾದ್ಯ ಒಂದು, ಪ್ರತಿಯೊಂದಕ್ಕೂ ವಿವರಣೆ, ಯಾವುದಕ್ಕೂ ನುಡಿಸುವವರಿಲ್ಲ. ನಮ್ಮ ಉತ್ಸವದ ಆಹ್ವಾನ ಪತ್ರಿಕೆಗಳನ್ನು ನೋಡುವಾಗ ನನಗೆ ಆ ಪಟ್ಟಿಯೇ ನೆನಪಾಗುತ್ತದೆ. ಸ್ವತಂತ್ರ ದೇಶದ ಉತ್ಸವ ಒಂದೂವರೆ ಶತಮಾನದ ಹಿಂದಿನ ವಸ್ತುಸಂಗ್ರಹದ ಕಣ್ಣಿನಿಂದ ತನ್ನ ಜನರನ್ನು ನೋಡಬಾರದು.

ಮಾತು ಸಂಸ್ಕೃತಿಯದು ಎಂದು ಹೊಟ್ಟೆಯ ಮಾತನ್ನು ಬಿಡಲಾಗದು. 2009ರ ಡಿಸೆಂಬರ್‌ನಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿಯಲ್ಲಿ 2011ರ ಜನಗಣತಿಯಂತೆ 11.74 ಲಕ್ಷ ಜನ. ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ಒಕ್ಕಲುತನದ ಕೆಲಸ ಮುಗಿಯುತ್ತಲೇ ತಾಂಡಾಗಳಿಂದ, ಕೇರಿಗಳಿಂದ ಮನೆಗೆ ಬೀಗ ಹಾಕಿ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಕಟ್ಟಡ ಕೆಲಸದ ಶೆಡ್ಡಿನಲ್ಲಿ ಬೆಳೆಯುವ ಮಗುವಿಗೆ ಅಜ್ಜಿಯ ಬೀಸುವ ಪದ ಎಲ್ಲಿಂದ ಕೇಳಬೇಕು? ಕುಟುಂಬದ ಸಂಗೀತ ಸಾಯುತ್ತಿದೆ ಎಂದು ಮೊಬೈಲನ್ನೂ ಡಿಜೆಯನ್ನೂ ಬೈಯುತ್ತೇವೆ. ಅದಕ್ಕೂ ಮೊದಲು ಕುಟುಂಬವೇ ವರ್ಷದ ಅರ್ಧ ಎರಡಾಗಿ ಹರಿದಿರುತ್ತದೆ, ದುಡಿಯುವವರು ಅಲ್ಲಿ, ಮುದುಕರು ಮಕ್ಕಳು ಇಲ್ಲಿ. ದೀಪಾವಳಿಯ ರಾತ್ರಿ ಲಂಬಾಣಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡಬೇಕಾದರೆ ಅವರು ತಾಂಡಾದಲ್ಲಿ ಇರಬೇಕಲ್ಲ. ಕುಟುಂಬದ ಕಚೇರಿಯನ್ನು ಯಾವ ತಿಂಗಳು ಇಡುತ್ತೇವೆ ಎಂಬುದೇ ಇಲ್ಲಿ ಒಂದು ನ್ಯಾಯದ ಪ್ರಶ್ನೆ. ಗುಳೆ ಹೋದವರು ಊರಿಗೆ ಮರಳುವ ಹಬ್ಬದ ದಿನಗಳಲ್ಲಿ ಇಡದಿದ್ದರೆ ಹಾಡುವವರೂ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ.

ಜನಕ್ಕೆ ಬೇಕಾದದ್ದು ಆರ್ಕೆಸ್ಟ್ರಾ, ಭಜನಿ ಕೇಳಲು ಯಾರು ಬರುತ್ತಾರೆ ಎಂಬ ಮಾತನ್ನು ಕಮಿಟಿಯವರು ಯಾವಾಗಲೂ ಆಡುತ್ತಾರೆ. ಅದನ್ನು ಹಗುರಾಗಿ ತಳ್ಳಿಹಾಕಬಾರದು. ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುವ ಹುಡುಗನೂ ನಮ್ಮ ಊರಿನವನೇ. ಜಾತಿಯ ಹಂಗಿಲ್ಲದೆ, ಕೂಲಿಗೆ ಕೈಯೊಡ್ಡದೆ, ಕೇಳಿ ಕೇಳಿ ಕಲಿತು ಅನ್ನ ಸಂಪಾದಿಸಿದವನು. ಒಂದು ಅರ್ಥದಲ್ಲಿ ವಾದ್ಯವನ್ನು ಮನೆತನದ ಕಟ್ಟಿನಿಂದ ಬಿಡಿಸಿದ್ದೇ ಈ ಆರ್ಕೆಸ್ಟ್ರಾಗಳು. ಮೈಕಿನ ಮುಂದೆ ನಿಂತು ಹಾಡುವ ಧೈರ್ಯವನ್ನು ಬಡವರ ಮನೆಯ ಎಷ್ಟೋ ಹೆಣ್ಣುಮಕ್ಕಳಿಗೆ ಕೊಟ್ಟದ್ದೂ ಅವೇ. ಹಾಗಾಗಿ ಆ ಹುಡುಗ ಭಜನಿ ಮೇಳದ ಶತ್ರುವಲ್ಲ. ಅವನನ್ನೂ ಮೇಳದೊಳಗೆ ಕೂರಿಸಬೇಕು. ದಮ್ಮಡಿಯ ನಡೆಯನ್ನು ಅವನು ಪ್ಯಾಡಿನಲ್ಲಿ ಹಿಡಿಯಲಿ, ಏಕತಾರಿಯ ಶ್ರುತಿಗೆ ಕೀಬೋರ್ಡ್ ತಗ್ಗಲಿ. ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಹಡಗಿನಲ್ಲಿ ಬಂದ ಪರದೇಶಿ ವಾದ್ಯ, ಇವತ್ತು ಅದಿಲ್ಲದೆ ನಮ್ಮ ಭಜನಿಯೇ ಇಲ್ಲ. ಕೇಳುಗರ ವಿಷಯಕ್ಕೆ ಬಂದರೆ, ಮೇಳಕ್ಕೆ ಕತ್ತಲ ಮೂಲೆಯನ್ನೂ ಸೊಟ್ಟ ಮೈಕನ್ನೂ ಕೊಟ್ಟು, ಆರ್ಕೆಸ್ಟ್ರಾಕ್ಕೆ ಬೆಳಕನ್ನೂ ಬಯಲನ್ನೂ ಕೊಟ್ಟು, ಆಮೇಲೆ ಜನ ಅತ್ತ ಹೋದರು ಎಂದು ತೀರ್ಪು ಕೊಡುವುದು ಪಕ್ಷಪಾತ. ಒಂದು ವರ್ಷ ಅದೇ ಬೆಳಕು, ಅದೇ ಹೊತ್ತು, ಅದೇ ಸಂಭಾವನೆ ಮೇಳಕ್ಕೆ ಸಿಗಲಿ, ಆಮೇಲೆ ತೂಗೋಣ.

ಹೆಣ್ಣುಮಕ್ಕಳ ವಿಚಾರ ಇನ್ನೂ ಬಾಕಿ ಇದೆ. ನಾನು ಇಷ್ಟು ಹೊಗಳಿದ ಭಜನಿ ಮೇಳ ಬಹುಪಾಲು ಗಂಡಸರದು. ಹೆಂಗಸರು ಮನೆಯ ಹಾಡಿನ ಒಡತಿಯರು: ಬೀಸುವ ಪದ, ಸೋಬಾನ, ತೊಟ್ಟಿಲ ಪದ ಎಲ್ಲ ಅವರ ಬಾಯಲ್ಲಿ. ಮಠದ ಪಡಸಾಲೆಗೆ ಬಂದಾಗ ಅವರು ಕಂಬದ ಮರೆಯ ಕೇಳುಗರು. ಈಗೀಗ ಮಹಿಳಾ ಭಜನಾ ಮಂಡಳಿಗಳು ಹುಟ್ಟಿವೆ, ಸಂತೋಷ. ಆದರೆ ಅದೂ ಪ್ರತ್ಯೇಕ ಸರದಿಯೇ. ತಾಯಿ ಸೊಲ್ಲು ಎತ್ತಿ ಮಗ ಹಿಮ್ಮೇಳ ಹಿಡಿಯುವ, ಸೊಸೆ ಪೇಟಿ ನುಡಿಸಿ ಮಾವ ತಾಳ ಹಾಕುವ ಮೇಳ ಎಷ್ಟಿವೆ? ಕುಟುಂಬದ ಕಚೇರಿ ಎಂಬ ಮಾತಿಗೆ ಬೆಲೆ ಬರುವುದು ಅಲ್ಲಿ. ದುಗ್ಗಳೆಯ ಊರಿನ ನೆರೆಹೊರೆಯಲ್ಲಿ ಇಷ್ಟು ಕೇಳುವುದು ಅತಿಯಾಸೆಯಲ್ಲ.

ಹಾಗಾಗಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳು ಕೂಡಿ, ವರ್ಷಕ್ಕೊಂದು ಊರಿನಂತೆ, ಮೇಳದ ನಿಯಮದ ಮೇಲೆ ಒಂದು ರಾತ್ರಿಯನ್ನು ನಡೆಸಲಿ. ವಿಷಯ ಒಂದೇ ಇರಲಿ. ಮಳೆಯೋ, ಹೊಳೆಯೋ, ಗುಳೆಯೋ, ಬಾಣಂತನವೋ. ಕೃಷ್ಣೆಯೂ ಭೀಮೆಯೂ ಹರಿಯುವ ಜಿಲ್ಲೆಯಲ್ಲಿ ಹೊಳೆಯ ಮೇಲೆ ಹಾಡಿಲ್ಲದ ಸಮುದಾಯ ಯಾವುದಿದೆ? ತತ್ವಪದದವರ ನುಡಿಗೆ ಗೋಗಿಯ ಕವ್ವಾಲಿಯವರು ಜವಾಬು ಕೊಡಲಿ, ಗುರುಮಠಕಲ್ ಕಡೆಯ ತೆಲುಗು ಪದಕ್ಕೆ ತಾಂಡಾದ ಹೆಣ್ಣುಮಕ್ಕಳು ಹೆಜ್ಜೆ ಹಾಕಲಿ, ಇಂದಿನ ಕವಿ ತನ್ನ ಕವಿತೆಯನ್ನು ದಮ್ಮಡಿಯ ಲಯದ ನಡುವೆ ಓದಲಿ. ರಾಯಚೂರಿನ ಶಾಂತರಸರು ಉರ್ದುವಿನ ಗಜಲನ್ನು ಕನ್ನಡದ್ದಾಗಿಸಿದರು, ಆ ಗಜಲುಗಳನ್ನು ಹಾಡುವ ಕಂಠಗಳು ಶಹಾಪುರದಲ್ಲೂ ಇವೆ. ಅರ್ಥ ಗೊತ್ತಾಗದವರು ಕೇಳಲಿ, ಹಾಡು ನಿಲ್ಲಲಿ, ಹಾಡಿದವರೇ ಬಿಡಿಸಿ ಹೇಳಲಿ. ಯಾವ ವಾದ್ಯ ಯಾವ ಜಾತಿಯದು ಎಂದು ನಿರೂಪಕರು ಮೈಕಿನಲ್ಲಿ ಸಾರುವುದು ಬೇಡ, ನುಡಿಸುವವರ ಹೆಸರನ್ನು ಪೂರ್ತಿಯಾಗಿ ಹೇಳಲಿ. ಸಂಭಾವನೆ ತಂಡದ ಮುಖಂಡನ ಕೈಗೆ ಹೋಗದೆ ಹಾಡಿದ ಪ್ರತಿಯೊಬ್ಬರಿಗೂ, ಹೆಂಡತಿಗೂ ಗಂಡನಷ್ಟೇ, ಬೇರೆಬೇರೆಯಾಗಿ ಸಲ್ಲಲಿ. ಮಕ್ಕಳ ಶಾಲೆ ತಪ್ಪದಿರಲಿ. ಯಾರಾದರೂ ತಾವು ಈ ವರ್ಷ ಬಾರಿಸುವುದಿಲ್ಲ ಎಂದರೆ ಕೈಮುಗಿದು ಒಪ್ಪಿಕೊಳ್ಳಲಿ.

ದುಡ್ಡಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನ ಪಡೆದ ಪ್ರದೇಶ ನಮ್ಮದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆಗೂ ಕಟ್ಟಡಕ್ಕೂ ಕೋಟಿಗಳ ಲೆಕ್ಕದಲ್ಲಿ ಖರ್ಚು ಮಾಡುತ್ತದೆ. ಕಟ್ಟಿದ ಭವನಗಳೊಳಗೆ ಹಾಡುವವರಿಗೂ ಅದರಲ್ಲಿ ಒಂದು ಸಣ್ಣ ಪಾಲು ಇರಬೇಕು. ಅದಕ್ಕಿಂತ ಹತ್ತಿರದ ಹಾದಿಯೂ ಇದೆ. ಜಾತ್ರಾ ಕಮಿಟಿಗಳಲ್ಲಿರುವ ಹಿರಿಯರೇ, ಮುಂದಿನ ಜಾತ್ರೆಗೆ ಆರ್ಕೆಸ್ಟ್ರಾದವರಿಗೆ ಮುಂಗಡ ಕೊಡುವ ದಿನವೇ ನಿಮ್ಮೂರ ಭಜನಿ ಮೇಳವನ್ನೂ ಕರೆಯಿರಿ, ಅಷ್ಟೇ ಮುಂಗಡ ಕೊಡಿರಿ, ಇಬ್ಬರನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿರಿ.